ಬೆಕ್ಕು ಬೇಕೆ?

‘ಬೇಕು’ ಎಂಬುದಕ್ಕೂ ‘ಬೆಕ್ಕು’ ಎಂಬುದಕ್ಕೂ ನಮ್ಮ ಭಾಷೆಯಲ್ಲಿ ಇರುವ ಅಂತರ ಬಹು ಸ್ವಲ್ಪ. ಬರೆಯುವ ಕೈ ತುಸು ಜಾರಿದರೆ ಒಂದು ಇನ್ನೊಂದಾಗಿಬಿಡುತ್ತದೆ. ಆದರೆ ಬಾಡಿಗೆಯ ಎರಡು ಕೋಣೆಗಳಲ್ಲಿ ಮೂವರು ವಿದ್ಯಾರ್ಥಿಗಳು ಕುಳಿತು ‘ಬೆಕ್ಕು ಬೇಕೆ?’ ಎಂದು ಚರ್ಚೆಗೆ ತೊಡಗಿದರೆ, ಆ ಎರಡು ಮಾತುಗಳ ನಡುವೆ ಎಷ್ಟು ದೂರವಿದೆಯೆಂಬುದು ತಿಳಿದುಬರುತ್ತದೆ.

ನಾವೆಂದರೆ ಕಲಬುರಗಿಯವನೊಬ್ಬ, ಬೀದರಿನವನೊಬ್ಬ, ಪುತ್ತೂರಿನವನೊಬ್ಬ. ಕಲಬುರಗಿ, ಬೀದರಿನವರು ಓದಲು ಹೈದರಾಬಾದಿಗೆ ಬರುವುದು ಹೊಸತೇನಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಅಂದಿನ ಹುಡುಗರ ಕಾಶಿ. ಪುತ್ತೂರಿನವನದು ಮಾತ್ರ ದೂರದ ಋಣಾನುಬಂಧ. ನಮ್ಮ ಬಿಡಾರ ಮಲ್ಕಾಜ್‌ಗಿರಿಯಲ್ಲಿ, ಮೂರನೆಯ ಅಂತಸ್ತು. ಕಿಟಕಿ ತೆರೆದರೆ ರೈಲಿನ ಶಿಳ್ಳೆ, ಮುಚ್ಚಿದರೆ ಸೆಖೆ. ಕಳೆದ ಮಳೆಗಾಲದಲ್ಲಿ ಈ ಅಂತಸ್ತಿಗೆ ಬೂದುಪಟ್ಟೆಯ ಮರಿಯೊಂದು ತಾನಾಗಿ ಹತ್ತಿಬಂದಿತು.

ಪುತ್ತೂರಿನವನು ಅದನ್ನು ‘ಪುಚ್ಚೆ’ ಎಂದ, ಉಳಿದಿಬ್ಬರು ಬೆಕ್ಕೆಂದರು. ಕೆಳಗಿನ ಮನೆಯಲ್ಲಿರುವ ಮಾಲಿಕರ ತಾಯಿ ಅಮ್ಮಗಾರು ಮೂರನೆಯ ದಿನ ಮೆಟ್ಟಿಲೇರಿ ಬಂದು, ‘ಮೀ ಇಂಟ್ಲೋ ಪಿಲ್ಲಿ ಉಂದಾ?’ ಎಂದು ಕೇಳಿದರು. ತೆಲುಗಿಗೆ ಹೊಸಬನಾದ ನಮ್ಮ ಪುತ್ತೂರಿನವನಿಗೆ ‘ಪಿಲ್ಲಿ’ ಎಂಬುದು ‘ಪಿಲ್ಲ’ ಎಂದು ಕೇಳಿಸಿತು. ಮನೆಯಲ್ಲಿ ಹುಡುಗಿಯನ್ನು ಇಟ್ಟುಕೊಂಡಿದ್ದೀರಾ ಎಂದು ಮುದುಕಿ ಕೇಳಿದರೆ ಮರ್ಯಾದಸ್ಥನ ಗತಿಯೇನು? ಅಂಥದ್ದೇನೂ ಇಲ್ಲವೆಂದು ದೇವರಾಣೆ ಇಟ್ಟ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ‘ಮ್ಯಾವ್’ ಎಂದಿತು. ಅಮ್ಮಗಾರು ನಕ್ಕು ಎರಡು ಷರತ್ತು ಹಾಕಿದರು: ವಾಸನೆ ಬರಕೂಡದು, ಓದು ಮುಗಿಸಿ ಹೋಗುವಾಗ ಅದನ್ನು ತಮ್ಮ ಮೆಟ್ಟಿಲ ಮೇಲೆ ಬಿಟ್ಟುಹೋಗಕೂಡದು. ಮೊದಲನೆಯದಕ್ಕೆ ಮರಳು ತುಂಬಿದ ತಟ್ಟೆ, ದಿನಕ್ಕೆರಡು ಬಾರಿ ಶುಚಿ ಎಂದು ಒಪ್ಪಿಕೊಂಡೆವು. ಎರಡನೆಯದು ನಮ್ಮ ನಿದ್ರೆ ಕೆಡಿಸಿತು.

ಊರಿನಲ್ಲಿ ಬೆಕ್ಕನ್ನು ಯಾರೂ ‘ಸಾಕು’ತ್ತಿರಲಿಲ್ಲ, ಅದು ಇರುತ್ತಿತ್ತು, ಅಷ್ಟೆ. ಅಟ್ಟ, ಕೊಟ್ಟಿಗೆ, ಕಣಜ ಎಲ್ಲವೂ ಅದರವೇ. ಮನುಷ್ಯನೊಡನೆ ಅದರ ನಂಟು ಇಂದು ನಿನ್ನೆಯದಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಗೋರಿಯೊಂದರ ಪಕ್ಕದಲ್ಲೇ ಬೆಕ್ಕಿನ ಅಸ್ಥಿಪಂಜರ ದೊರೆತುದನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಧಾನ್ಯಕ್ಕೆ ಇಲಿ ಬಂದಿತು, ಇಲಿಗೆ ಬೆಕ್ಕು ಬಂದಿತು, ಇಬ್ಬರಿಗೂ ಲಾಭ. ಮೂರನೆಯ ಅಂತಸ್ತಿನಲ್ಲಿ ಕಣಜವೂ ಇಲ್ಲ, ಇಲಿಯೂ ಇಲ್ಲ. ಇಲ್ಲಿ ಬೆಕ್ಕಿಗೆ ಇರುವುದು ನಾವು ತೆರೆಯುವ ಬಾಗಿಲು, ನಾವು ಇಡುವ ಅನ್ನ. ಪಾರಿವಾಳದ ಆಸೆಗೆ ನೆಗೆದು ಬೀಳದಂತೆ ಬಾಲ್ಕನಿಗೆ ಬಲೆಯನ್ನೂ ನಾವೇ ಕಟ್ಟಬೇಕು.

ಅನ್ನದ ವಿಷಯದಲ್ಲಿ ಮೊದಲ ಜಗಳ. ಮೊಸರನ್ನ ಸಾಕೆಂಬುದು ನಮ್ಮ ಹಿರಿಯರ ನಂಬಿಕೆ. ಆದರೆ ಊರಿನ ಬೆಕ್ಕು ಮೊಸರನ್ನದ ಮೇಲೆ ಇಲಿಯನ್ನೂ ತಿನ್ನುತ್ತಿತ್ತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ವಸ್ತು ಸಾಲದೆ ಹೋದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಹೃದಯದ ಸಂಗತಿಯನ್ನು ಕ್ಯಾಲಿಫೋರ್ನಿಯಾದ ವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ‘ನಮ್ಮ ಅಡಗಿಮನ್ಯಾಗ ತತ್ತಿ ಸೈತ ಬಂದಿಲ್ಲ, ಮಾಂಸ ಎಲ್ಲಿಂದ ತರೂದೋ?’ ಎಂದ ಕಲಬುರಗಿಯವನು. ‘ತಿನ್ನುವುದು ನೀನಲ್ಲ ಮಾರಾಯ, ಪುಚ್ಚೆ’ ಎಂದ ಪುತ್ತೂರಿನವನು. ಅಂಗಡಿಯ ಪೊಟ್ಟಣದ ಆಹಾರ, ಅದಕ್ಕೆ ಬಾಲ್ಕನಿಯಲ್ಲಿ ಬೇರೆ ತಟ್ಟೆ ಎಂದು ರಾಜಿಯಾಯಿತು.

ಬೀದರಿನವನು ಲೆಕ್ಕದವನು. ರೋಗನಿರೋಧಕ ಚುಚ್ಚುಮದ್ದು, ಹುಚ್ಚುರೋಗದ ಚುಚ್ಚುಮದ್ದು, ಸಂತಾನಹರಣ ಚಿಕಿತ್ಸೆ ಎಂದು ಪಟ್ಟಿ ಬರೆದ. ಹೆಣ್ಣುಮರಿ ಐದಾರು ತಿಂಗಳಿಗೇ ಗಬ್ಬವಾಗಬಲ್ಲದು, ಒಂಬತ್ತು ವಾರಕ್ಕೆ ಮರಿ ಹಾಕಬಲ್ಲದು. ಪಟ್ಟಿಯ ಕೊನೆಗೆ ಒಂದೇ ಸಾಲು: ‘ನಮ್ಮ ಓದು ಎರಡು ವರ್ಷ, ಬೆಕ್ಕಿನ ಆಯುಸ್ಸು ಹನ್ನೆರಡು, ಹದಿನೈದು.’ ಅದನ್ನು ಓದಿ ಮೂವರೂ ಸುಮ್ಮನಾದೆವು.

ಪರೀಕ್ಷೆ ಮುಗಿದ ವಾರ ವಿದ್ಯಾರ್ಥಿಗಳಿರುವ ಬೀದಿಗಳಲ್ಲಿ ನಡೆದಾಡಿದವರಿಗೆ ಇದರ ಅರ್ಥ ಗೊತ್ತು. ಸಾಮಾನು ಲಾರಿಗೇರುತ್ತದೆ; ಬೆಕ್ಕು ಗೇಟಿನ ಬಳಿ ಉಳಿಯುತ್ತದೆ. ಅನ್ನ ನೀರಿಲ್ಲದೆ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನಂತೆ ಅಪರಾಧ. ಕಾನೂನು ಇಲ್ಲದಿದ್ದರೂ ಅದು ಅಪರಾಧವೇ. ಮನುಷ್ಯನ ತೊಡೆಯ ಮೇಲೆ ನಿದ್ದೆ ಕಲಿತ ಬೆಕ್ಕಿಗೆ ಬೀದಿಯ ವಿದ್ಯೆ ಎಲ್ಲಿಂದ ಬರಬೇಕು?

ಚರ್ಚೆ ನಾಲ್ಕು ರಾತ್ರಿ ನಡೆಯಿತು. ‘ನಾವು ನೋಡಿಕೊಳ್ಳುತ್ತೇವೆ’ ಎಂದು ಮೂವರೂ ಹೇಳುತ್ತಿದ್ದೆವು. ಕೊನೆಗೆ ಬೀದರಿನವನೇ ಕೇಳಿದ: ‘ನಾವಂದ್ರ ಯಾರು?’ ಈ ಲೇಖನದುದ್ದಕ್ಕೂ ‘ನಾವು’ ಎಂದು ಧಾರಾಳವಾಗಿ ಬರೆದಿದ್ದೇವೆ. ಹರಟೆಗೆ, ಅಡಿಗೆಗೆ, ಬಾಡಿಗೆಗೆ ಆ ಮಾತು ಸಲ್ಲುತ್ತದೆ. ಬೆಕ್ಕು ಸಾಕುವುದಕ್ಕೆ ಸಲ್ಲದು. ಎಲ್ಲರ ಬೆಕ್ಕೆಂದರೆ ಯಾರ ಬೆಕ್ಕೂ ಅಲ್ಲ. ಯಾರಾದರೊಬ್ಬರು ‘ನಾನು’ ಎನ್ನಬೇಕು.

ಪುತ್ತೂರಿನವನು ಆ ರಾತ್ರಿಯೇ ತಾಯಿಗೆ ಫೋನು ಮಾಡಿದ. ‘ರಜೆಗೆ ಬರುವಾಗ ತಾ. ತೋಟದ ಮನೆಯಲ್ಲಿ ಒಂದು ಪುಚ್ಚೆಗೆ ಜಾಗವಿಲ್ಲವೇ? ಬೀದಿಗೆ ಬಿಟ್ಟೆಯಾದರೆ ಮಾತ್ರ ನೀನೂ ಬರಬೇಡ’ ಎಂದರು ಆ ತಾಯಿ. ಅವನು ನಮ್ಮ ಕಡೆ ತಿರುಗಿ ‘ನಾನು’ ಎಂದ. ಖರ್ಚಿನಲ್ಲಿ ನಮ್ಮ ಪಾಲು ಮೂರರಲ್ಲೊಂದು, ಹೊಣೆ ಅವನೊಬ್ಬನದು. ಬೆಕ್ಕು ಉಳಿಯಿತು.

ಪರಸ್ಥಳದಲ್ಲಿ ಓದುವ ಮಕ್ಕಳಿರುವ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮಗನೋ ಮಗಳೋ ಫೋನಿನಲ್ಲಿ ‘ಒಂದು ಬೆಕ್ಕಿನಮರಿ ಬಂದಿದೆ’ ಎಂದರೆ ಗದರಿಸಬೇಡಿ. ತಕ್ಷಣ ಹೂಂ ಎನ್ನಲೂ ಬೇಡಿ. ‘ನೀನು ಅಲ್ಲಿಂದ ಹೊರಟ ದಿನ ಅದು ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿ. ಉತ್ತರ ಬಂದರೆ ಬೆಕ್ಕು ಇರಲಿ. ಬಾರದಿದ್ದರೆ, ಉತ್ತರವಿರುವ ಮನೆಯೊಂದನ್ನು ಅದಕ್ಕೆ ಹುಡುಕಿಕೊಡಲು ಹೇಳಿ. ಅದೂ ಸಾಕುವುದೇ.