ಪರದೆ ಏಳುವ ಮೊದಲೇ ಮುಗಿದ ಕಥೆ

ಕೆಲವು ವರ್ಷಗಳ ಹಿಂದೆ ಒಂದು ಊರಿನ ಕುಡಿಯುವ ನೀರಿನ ಬಗ್ಗೆ ವರದಿ ಬರೆದಿದ್ದೆ. ಮೊದಲ ಪ್ಯಾರಾ ತಿದ್ದುವುದರಲ್ಲೇ ಅರ್ಧ ರಾತ್ರಿ ಕಳೆದಿತ್ತು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅದೊಂದೇ ಪ್ಯಾರಾ. ಬೋರ್‌ವೆಲ್ ಕೆಟ್ಟದ್ದು ಯಾವಾಗ, ಅರ್ಜಿ ಕೊಟ್ಟದ್ದು ಯಾರಿಗೆ, ಎಲ್ಲಕ್ಕೂ ಕತ್ತರಿ. "ಇಂಟ್ರೋ ಸೂಪರ್" ಎಂದು ಡೆಸ್ಕ್‌ನವರು ಹೊಗಳಿದರು. ಆ ಊರಿನ ಅಜ್ಜಿ ಮಾತ್ರ ಕೇಳಿದರು: "ನಮ್ಮ ನೀರಿನ ವಿಷಯ ಎಲ್ಲೈತಪ್ಪಾ?"

'ವಿಲಿಯಂ ಟೆಲ್' ಕೇಳುವಾಗೆಲ್ಲ ಆ ಅಜ್ಜಿ ನೆನಪಾಗುತ್ತಾರೆ. ಒಪೆರಾ ಎಂದರೆ ಯುರೋಪಿನ ಹಾಡಿನ ನಾಟಕ. ಶುರುವಿಗೆ ವಾದ್ಯದವರಷ್ಟೇ ನುಡಿಸುವ ಭಾಗ ಓವರ್ಚರ್. ಇಟಲಿಯ ರೊಸ್ಸಿನಿಯ ಈ ಒಪೆರಾ 1829ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂತು. ಪೂರ್ತಿ ಆಡಿದರೆ ಸುಮಾರು 4 ಗಂಟೆ, ಓವರ್ಚರ್ ಸುಮಾರು 12 ನಿಮಿಷ. ಕುದುರೆ ಓಡಿದಂತಿರುವ ಅದರ ಕೊನೆಯ ಭಾಗವನ್ನು ಕಾರ್ಟೂನುಗಳಲ್ಲಿ ನೀವೂ ಕೇಳಿರಬಹುದು. ಜಗತ್ತಿಗೆ ಗೊತ್ತಿರುವುದು ಅಷ್ಟೇ. ಒಳಗಿನ ಕಥೆ ಬೇರೆ. ಮಗನ ತಲೆ ಮೇಲಿನ ಸೇಬಿಗೆ ಅಪ್ಪನೇ ಬಾಣ ಬಿಡಬೇಕು, ಅದು ಅಧಿಕಾರಿಯ ಆಜ್ಞೆ. ಅಲುಗಾಡದೆ ನಿಲ್ಲು ಎಂದು ಅಪ್ಪ ಮಗನಿಗೆ ಹಾಡಿನಲ್ಲಿ ಹೇಳುತ್ತಾನೆ. ಆ ಹಾಡು ಓವರ್ಚರ್‌ನಲ್ಲಿ ಇಲ್ಲ.

ಇದೇ ರೊಸ್ಸಿನಿ ಒಂದೇ ಓವರ್ಚರನ್ನು ಮೂರು ಒಪೆರಾಗಳಿಗೆ ಬಳಸಿದ್ದೂ ಉಂಟು. 1813ರಲ್ಲಿ ಯುದ್ಧದ ಕಥೆಗೆ, 1815ರಲ್ಲಿ ಇಂಗ್ಲೆಂಡಿನ ರಾಣಿಯ ಕಥೆಗೆ, 1816ರಲ್ಲಿ ಕ್ಷೌರಿಕನ ನಗೆನಾಟಕಕ್ಕೆ. ಕೇಳಲು ಚೆನ್ನ. ಆದರೆ ಅದು ಯಾವ ಕಥೆಯದ್ದೂ ಅಲ್ಲ.

ಬೇತೋವನ್‌ನದು ಇದರ ತದ್ವಿರುದ್ಧ. ಬರೆದದ್ದು ಒಂದೇ ಒಪೆರಾ, 'ಫಿಡೆಲಿಯೊ'. ಅದಕ್ಕೆ ನಾಲ್ಕು ಓವರ್ಚರ್! ಗಂಡನನ್ನು ಬಿಡಿಸಲು ಗಂಡು ವೇಷದಲ್ಲಿ ಜೈಲಿನ ಕೆಲಸಕ್ಕೆ ಸೇರುವ ಹೆಂಡತಿಯ ಕಥೆ ಅದು. 1806ರ ಓವರ್ಚರ್ ಇವತ್ತಿಗೂ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕೊನೆಗೆ ಬಿಡುಗಡೆಯ ಸುಳಿವು ಕೊಡುವ ತುತ್ತೂರಿಯೂ ಅದರಲ್ಲೇ ಮೊಳಗಿಬಿಡುತ್ತದೆ. ತೊಂದರೆ ಅಲ್ಲೇ. ಒಪೆರಾ ಶುರುವಾಗುವುದು ಜೈಲಿನವನ ಮಗಳ ಮದುವೆ ಮಾತಿನಿಂದ. ಅಂಥ ಅಬ್ಬರದ ಮೇಲೆ ಈ ಮನೆಮಾತು ಸಪ್ಪೆ. 1814ರಲ್ಲಿ ಬೇತೋವನ್ ಚಿಕ್ಕದೊಂದು ಓವರ್ಚರ್ ಬರೆದ. ಸಂಗೀತವಾಗಿ ಹಳೆಯದೇ ದೊಡ್ಡದು, ನಾಟಕಕ್ಕೆ ದಾರಿ ಬಿಡುವುದು ಹೊಸದು.

ನನಗೆ ಆ ಎದೆಗಾರಿಕೆ ತಡವಾಗಿ ಬಂತು. ಮೊನ್ನೆ ಇನ್ನೊಂದು ಊರಿನ ವರದಿಯ ಮೊದಲ ಸಾಲಲ್ಲೇ ಬೋರ್‌ವೆಲ್ ಕೆಟ್ಟ ತಿಂಗಳು ಬರೆದೆ. ಡೆಸ್ಕ್‌ನಿಂದ ಹೊಗಳಿಕೆ ಬರಲಿಲ್ಲ. ಅಜ್ಜಿಗೆ ಒಮ್ಮೆ ಓದಿ ಹೇಳಬೇಕು.