ಮೊಣಕಾಲಿನ ತ್ಯಾಪಿ

ನನ್ನ ತಮ್ಮ ಗೋಲಿ ಆಡುವಾಗ ಮೊಣಕಾಲೂರಿ ಕುಂದರತಾನ. ಹಿಂಗಾಗಿ ಅವನ ಪ್ಯಾಂಟು ಮೊದಲು ಅಲ್ಲೇ ಹರಿಯುತ್ತದೆ. "ತ್ಯಾಪಿ ಹಚ್ಚಬ್ಯಾಡ ಯವ್ವಾ, ಅಕ್ಕ ನಗತಾಳ" ಎಂದು ಅತ್ತ. ಹೌದು, ಹೋದ ವರ್ಷ ಒಬ್ಬನ ತ್ಯಾಪಿ ನೋಡಿ ನಕ್ಕವಳು ನಾನೇ. ನನಗೆ ಬಹಳ ನಾಚಿಕೆಯಾಯಿತು.

ಆಯಿ ತನ್ನ ಕೌದಿ ತೋರಿಸಿ, "ಇದೆಲ್ಲಾ ತ್ಯಾಪಿನ ಅಲ್ಲೇನು? ಹೊತಗೊಂಡು ಮಲಗುವಾಗ ನಗು ಬರ್ತದೇನು?" ಎಂದಳು. ನನ್ನ ಹಳೇ ನೀಲಿ ಲಂಗದ ನಿರಿಗೆ ಬಿಚ್ಚಿದೆವು. ಒಳಗೆ ಬಿಸಿಲು ತಾಗದ ಬಟ್ಟೆ ಇನ್ನೂ ಗಟ್ಟಿ ಇತ್ತು. ತೂತಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಒಳಗಿನಿಂದ ಇಟ್ಟು ಹೊಲಿದೆ. ಸವೆದ ಅಂಚಿನಲ್ಲೇ ಹೊಲಿದರೆ ದಾರ ನಿಲ್ಲುವುದಿಲ್ಲವಂತೆ.

ಇವತ್ತು ತಮ್ಮ ಅದನ್ನೇ ಹಾಕಿಕೊಂಡು ಸಾಲಿಗೆ ಬಂದಾನ. ಗೆಳೆಯರೇ, ನಗಬ್ಯಾಡ್ರಿ. ಹೊಲಿಗೆ ಸ್ವಲ್ಪ ಸೊಟ್ಟ ಆಗಿದೆ. ಅದು ನನ್ನ ತಪ್ಪು, ಅವನದಲ್ಲ.