ಟವರ್ ಬ್ರಿಡ್ಜ್‌ನಿಂದ ಬಸವಣ್ಣನವರೆಗೆ

ಲಂಡನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿದ್ದರೂ ನಾವು ಆ ಊರನ್ನು ನೆಟ್ಟಗೆ ನಡೆದು ನೋಡಿದ್ದೇ ಇಲ್ಲ. ನೆಲದಡಿಯ ಟ್ಯೂಬ್ ರೈಲು ಹತ್ತುವುದು, ಇಳಿಯುವುದು, ಫೋಟೊ ತೆಗೆಯುವುದು, ಮತ್ತೆ ಹತ್ತುವುದು. ಕಳೆದ ಅಕ್ಟೋಬರ್‌ನ ಒಂದು ಶನಿವಾರ ನನ್ನ ಗಂಡ, ‘ಇವತ್ತು ಟ್ಯೂಬೂ ಇಲ್ಲ, ಬಸ್ಸೂ ಇಲ್ಲ. ಟವರ್ ಬ್ರಿಡ್ಜ್‌ನಿಂದ ಬಸವಣ್ಣನವರೆಗೆ ನಡ್ಕೊಂಡೇ ಹೋಗೋಣ’ ಅಂದ. (‘ಅಂದ’ ಅಂತಲೇ ಬರೆಯುತ್ತಿದ್ದೇನೆ. ಇಬ್ಬರೂ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಒಟ್ಟಿಗೆ ಓದಿದವರು, ಹೋಗೋ ಬಾರೋ ಬಿಟ್ಟಿಲ್ಲ. ‘ಹೆಂಗರ ಕರಕೊಳ್ರಿ, ಜಗಳ ಮಾತ್ರ ಆಡಬ್ಯಾಡ್ರಿ’ ಅಂತ ಅತ್ತೆಯೇ ಪರ್ಮಿಷನ್ ಕೊಟ್ಟಿದ್ದರು.)

ಬಸವಣ್ಣ ಅಂದರೆ ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿರುವ ಪ್ರತಿಮೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಮುತುವರ್ಜಿಯಿಂದ ಅದು ಅಲ್ಲಿ ನಿಂತಿತು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದಾಗ ನಾವಿನ್ನೂ ಓದುತ್ತಿದ್ದೆವು. ಟಿವಿ ಮುಂದೆ ಕೂತಿದ್ದ ಅತ್ತೆ ಮಗನಿಗೆ, ‘ಯಾವಾಗರ ಆ ಕಡೆ ಹೋದ್ರ ನನ್ನ ಪಾಲಿಂದೂ ಒಂದು ಕೈ ಮುಗಿದು ಬಾ’ ಅಂದಿದ್ದರಂತೆ. ಮದುವೆಯಾಗಿ ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಆ ಕಡೆ ಹೋಗಿರಲಿಲ್ಲ. ಅತ್ತೆ ತೀರಿಕೊಂಡ ಮೇಲಂತೂ ಅವನು ಆ ಮಾತೇ ಎತ್ತಿರಲಿಲ್ಲ. ಹಾಗಾಗಿ ಅವನಾಗಿಯೇ ಹೇಳಿದಾಗ ನಾನು ಏನೂ ಕೇಳದೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ.

ನದಿಯ ದಕ್ಷಿಣ ದಂಡೆ ಹಿಡಿದರೆ ಹೆಚ್ಚೂ ಕಡಿಮೆ ಐದು ಕಿಲೋಮೀಟರ್. ನಕ್ಷೆ ಬೇಕಾಗಿಲ್ಲ, ನೀರು ಬಲಗಡೆ ಇದ್ದರೆ ದಾರಿ ಸರಿ. ರಾತ್ರಿ ಮಳೆ ಬಂದು ನಿಂತಿತ್ತು. ದಾರಿಯುದ್ದಕ್ಕೂ ಪ್ಲೇನ್ ಮರಗಳ ಅಂಗೈಯಗಲದ ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಒದ್ದೆ ಕಲ್ಲಿಗೆ ಅಂಟಿಕೊಂಡಿದ್ದವು. ನಮ್ಮೂರಲ್ಲಿ ಎಲೆ ಉದುರುವುದು ಬಿಸಿಲು ಏರುವ ಮುಂಚೆ, ಇಲ್ಲಿ ಚಳಿ ಇಳಿಯುವ ಮುಂಚೆ. ನನಗೆ ಈ ಲೆಕ್ಕ ಇನ್ನೂ ರೂಢಿಯಾಗಿಲ್ಲ.

ಬರೋ ಮಾರ್ಕೆಟ್‌ನಲ್ಲಿ ಚೀಸ್‌ನ ಘಾಟು ತಡೆಯಲಾಗದೆ ಬೇಗ ದಾಟಿದೆವು. ಮಿಲೆನಿಯಮ್ ಬ್ರಿಡ್ಜ್ ಹತ್ತಿರ ಮಾತ್ರ ಅರ್ಧ ಗಂಟೆ ಹೋಯಿತು. ಕಾಲ್ನಡಿಗೆಯವರಿಗಾಗಿಯೇ ಕಟ್ಟಿದ ಈ ಸೇತುವೆ 2000ದ ಜೂನ್‌ನಲ್ಲಿ ತೆರೆದು ಎರಡೇ ದಿನಕ್ಕೆ ಮುಚ್ಚಿತು. ಜನ ನಡೆದಾಗ ಸೇತುವೆ ಸ್ವಲ್ಪ ಅಕ್ಕಪಕ್ಕ ಓಲಾಡಿತು. ಬೀಳದಿರಲು ಎಲ್ಲರೂ ಆ ಓಲಾಟಕ್ಕೆ ಹೆಜ್ಜೆ ಹೊಂದಿಸಿಕೊಂಡರು, ಅದರಿಂದ ಓಲಾಟ ಇನ್ನೂ ಜೋರಾಯಿತು. ಅಲುಗಾಟ ಹೀರುವ ಡ್ಯಾಂಪರ್‌ಗಳನ್ನು ಕೂರಿಸಿ ಮತ್ತೆ ತೆರೆದದ್ದು 2002ರಲ್ಲಿ. ‘ಟೆಸ್ಟಿಂಗ್‌ನಲ್ಲಿ ಸಿಗದೆ ಪ್ರೊಡಕ್ಷನ್‌ನಲ್ಲಿ ಸಿಕ್ಕಿದ ಬಗ್ ಇದು’ ಅಂತ ನಾನಂದೆ. ಅವನು ನಕ್ಕ. ಸೇತುವೆಯ ಆಚೆ ತುದಿಯಲ್ಲಿ ಸೇಂಟ್ ಪಾಲ್ಸ್ ಗುಮ್ಮಟ ಕಾಣುತ್ತಾ ಇತ್ತು. ಈಚೆ, ಒಂದು ಕಾಲದಲ್ಲಿ ವಿದ್ಯುತ್ ಸ್ಥಾವರವಾಗಿದ್ದ ಟೇಟ್ ಮಾಡರ್ನ್‌ನ ಮುಂದಿನ ಕಟ್ಟೆ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಅಲ್ಲಿಯವರೆಗೂ ಅದೊಂದು ಸುಮ್ಮನೆ ಖುಷಿಯ ದಿನ.

ವೆಸ್ಟ್‌ಮಿನ್‌ಸ್ಟರ್ ಬ್ರಿಡ್ಜ್‌ನ ಕೆಳಗೆ ಹಾದು ಮುಂದೆ ಹೋದರೆ ಆಸ್ಪತ್ರೆಯ ಕಾಂಪೌಂಡ್ ಗೋಡೆ ಸಿಗುತ್ತದೆ. ನದಿಯ ಆಚೆ ದಡಕ್ಕೆ ಪಾರ್ಲಿಮೆಂಟ್. ಅರ್ಧ ಕಿಲೋಮೀಟರ್ ಗೋಡೆಯ ತುಂಬ ಅಂಗೈಯಷ್ಟು ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು ಅಂತ 2021ರ ಮಾರ್ಚ್ ಕೊನೆಯಲ್ಲಿ ಮನೆಯವರೇ ಬರೆಯಲು ಶುರು ಮಾಡಿದ್ದು. ಮೊದಲು ಒಂದೂವರೆ ಲಕ್ಷ ಇದ್ದವು, ಈಗ ಎರಡು ಲಕ್ಷ ದಾಟಿವೆ. ಈ ಗೋಡೆ ದಾರಿಯಲ್ಲೇ ಇದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಭಾರತವನ್ನು ಬ್ರಿಟನ್ ರೆಡ್ ಲಿಸ್ಟ್‌ಗೆ ಸೇರಿಸಿದ್ದು 2021ರ ಏಪ್ರಿಲ್ 23ರಂದು. ಅತ್ತೆ ಹೋದದ್ದು ಮೇ ತಿಂಗಳಲ್ಲಿ. ಮಣ್ಣು ಮಾಡಿದ್ದನ್ನು ಇವನು ನೋಡಿದ್ದು ಚಿಕ್ಕಪ್ಪನ ಮಗ ಹಿಡಿದಿದ್ದ ಮೊಬೈಲ್‌ನಲ್ಲಿ, ಅದೂ ನಡುನಡುವೆ ನಿಂತುಬಿಡುತ್ತಿದ್ದ ವಿಡಿಯೊದಲ್ಲಿ. ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಟೀಮ್ ಮೀಟಿಂಗ್‌ಗೆ ಕೂತ, ಕ್ಯಾಮೆರಾ ಆಫ್ ಮಾಡಿಕೊಂಡು. ಆಮೇಲೆ ಮನೆಯಲ್ಲಿ ಆ ವಿಷಯ ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದ.

ಗೋಡೆ ಹತ್ತಿರ ವಯಸ್ಸಾದ ಒಬ್ಬ ಹೆಂಗಸು, ಬಿಸಿಲು ಮಳೆಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದ ಹೃದಯಗಳಿಗೆ ಮತ್ತೆ ಕೆಂಪು ಹಚ್ಚುತ್ತಿದ್ದರು. ಇವನು ಬಹಳ ಹೊತ್ತು ಅಲ್ಲೇ ನಿಂತದ್ದು ನೋಡಿ, ‘ನಿಮ್ಮವರು ಯಾರಾದರೂ ಇದ್ದಾರಾ?’ ಅಂತ ಕೇಳಿದರು.

‘ಅಮ್ಮ. ಆದ್ರೆ ಇಲ್ಲಲ್ಲ, ಇಂಡಿಯಾದಲ್ಲಿ.’

ಆಕೆ ಸುಮ್ಮನೆ ಪೆನ್ನು ಚಾಚಿದರು. ಇವನು ಅದನ್ನು ಕೈಯಲ್ಲಿ ಹಿಡಿದು, ವಾಪಸ್ ಕೊಟ್ಟು, ಕೈ ಮುಗಿದ. ನನ್ನ ಕಡೆ ತಿರುಗಿ, ‘ಗೋಡೆ ಮೇಲೆ ಗೀಚಿದ್ರೆ ಅವ್ವ ಬೈತಿದ್ಲು ಕಣೆ’ ಅಂದ. ನಗಲು ಹೋಗಿ ಆಗಲಿಲ್ಲ. ನದಿ ಕಡೆಗಿದ್ದ ಬೆಂಚಿನ ಮೇಲೆ ಕೂತೆವು.

ಅಲ್ಲಿ ಹೇಳಿದ. ಅತ್ತೆ ಆಸ್ಪತ್ರೆಯಿಂದ ಕಳಿಸಿದ ಕೊನೆಯ ವಾಯ್ಸ್ ಮೆಸೇಜ್, ಹದಿನಾಲ್ಕು ಸೆಕೆಂಡಿನದು, ಅವನ ಫೋನ್‌ನಲ್ಲಿದೆಯಂತೆ. ಕೇಳೇ ಇಲ್ಲವಂತೆ. ಎರಡು ಸಲ ಫೋನ್ ಬದಲಾಯಿಸಿದಾಗಲೂ ಮೊದಲು ಅದನ್ನೇ ಜೋಪಾನವಾಗಿ ಕಾಪಿ ಮಾಡಿದ್ದನಂತೆ. ‘ಕೇಳಿದ್ರೆ ಮುಗೀತು. ಕೇಳದೇ ಇದ್ರೆ ಅವ್ವ ಇನ್ನೂ ಏನೋ ಹೇಳೋದು ಬಾಕಿ ಇದೆ ಅನ್ಸುತ್ತೆ.’ ಒಂದೇ ಮನೆಯಲ್ಲಿ, ಒಂದೇ ಚಾರ್ಜರ್ ಹಂಚಿಕೊಂಡು ಬದುಕುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ಏನೂ ಹೇಳಲು ತೋಚದೆ ಅವನ ಕೈ ಹಿಡಿದುಕೊಂಡೆ.

ಅಲ್ಲಿಂದ ಲ್ಯಾಂಬೆತ್ ಬ್ರಿಡ್ಜ್ ದಾಟುತ್ತಲೇ ಚಿಕ್ಕ ಉದ್ಯಾನ, ಅದರಲ್ಲಿ ಬಸವಣ್ಣ. ಎತ್ತರದ ಪೀಠದ ಮೇಲೆ ಎದೆಮಟ್ಟದ ಪ್ರತಿಮೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು, ಸುತ್ತ ಜನವೂ ಇರಲಿಲ್ಲ. ಪೀಠದ ಬುಡದಲ್ಲಿ ಒದ್ದೆ ಎಲೆಗಳು ಬಿದ್ದಿದ್ದವು. ಇವನು ಬಗ್ಗಿ ಅವನ್ನೆಲ್ಲ ಆರಿಸಿ ತೆಗೆದ. ಅತ್ತೆ ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತಿದ್ದ ಶಿಸ್ತಿನಲ್ಲೇ. ಒಂದು ಸಲ ಕೈ ಮುಗಿದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

ವಾಪಸ್ ರೈಲಿನಲ್ಲಿ, ಹೊರಗೆ ಕತ್ತಲಾದ ಮೇಲೆ, ಇಯರ್‌ಫೋನ್‌ನ ಒಂದನ್ನು ನನ್ನ ಕಿವಿಗಿಟ್ಟ. ಹತ್ತು ಸೆಕೆಂಡು ಬರೀ ಉಸಿರಾಟದ ಸದ್ದು. ಆಮೇಲೆ ಅತ್ತೆಯ ದನಿ: ‘ರಾತ್ರಿ ಗ್ಯಾಸ್ ಬಂದ್ ಮಾಡಿ ಮಲಗ್ರಿ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ನಮ್ದು ಕರೆಂಟ್ ಒಲೆ ಅಂತ ಎಷ್ಟು ಸಲ ಹೇಳಿದ್ದೆ ಅವ್ವಗೆ’ ಅಂದ. ಅಂದು, ಕಣ್ಣು ಒರೆಸಿಕೊಳ್ಳುತ್ತಾ, ಮತ್ತೆ ಮೊದಲಿಂದ ಹಾಕಿದ.